ಬೆಳುವಾಯಿಯ ಸೂಕ್ಷ್ಮದರ್ಶಕ, ನನ್ನ ಅಲಸಂಡೆ

ಹೊಟ್ಟೆಕಿಚ್ಚು ಇರುವವನನ್ನು ಇಂಥ ಪ್ರಸಂಗಗಳು ಹುಡುಕಿಕೊಂಡೇ ಬರುತ್ತವೆ. ಐವತ್ತರ ದಶಕದ ಕೊನೆಗೆ ನಾನು ಮಡಂತ್ಯಾರಿನಲ್ಲಿ ರೈತರಿಗೆ ಬೆಳೆಯ ಸಲಹೆ ಕೊಡುವ ಗ್ರಾಮಸೇವಕ. ಬೆಳುವಾಯಿಯಲ್ಲಿ ಇನ್ನೊಬ್ಬರು. ಇಬ್ಬರದೂ ಒಂದೇ ಕೆಲಸ, ಒಂದೇ ಸಂಬಳ. ಆದರೆ ಸೂಕ್ಷ್ಮದರ್ಶಕ ಬಂದದ್ದು ಅವರಿಗೆ. ನನಗೆ ಉಳಿದದ್ದು ಹಿಡಿ ಮುರಿದ ಭೂತಕನ್ನಡಿ. ಆ ಉರಿ ಇನ್ನೂ ಪೂರ್ತಿ ಆರಿಲ್ಲ.

೧. ಒಂದು ಸಂಶಯ

ಅಲಸಂಡೆಯ ಬೇರು ಕೊಳೆಯುವ ಕಾಲ. ರೈತರೊಬ್ಬರು ಸತ್ತ ಬಳ್ಳಿ ತಂದರು.

"ನೋಡಿ, ಬುಡದಲ್ಲಿ ಬಿಳಿ ನೂಲಿನಂಥ ಬೂಸು, ಅದರಲ್ಲಿ ಸಾಸಿವೆಯಂಥ ಗುಂಡು ಉಂಟಲ್ಲ? ಅದು ಒಂದು ಜಾತಿಯ ಶಿಲೀಂಧ್ರ. ಬೇರು ಕೆಂಪಾಗಿ ಕೊಳೆತರೆ ಬೇರೆ ಜಾತಿ" ಎಂದು ಅರ್ಧ ಗಂಟೆ ವಿವರಿಸಿದೆ. ಅವರು ಕೈಕಟ್ಟಿ ಕೇಳಿದರು.

"ಏನಾದರೂ ಸಂಶಯ ಉಂಟಾ?"

"ಒಂದು ಉಂಟು ಸ್ವಾಮಿ. ಬೆಳುವಾಯಿ ಕಡೆಗೆ ಬಸ್ಸು ಎಷ್ಟು ಗಂಟೆಗೆ?"

೨. ಮರ್ಯಾದೆ

ಇನ್ನೊಬ್ಬ ರೈತರು ತಾವು ತಂದ ಬೇರನ್ನು ತೆಂಗಿನ ನಾರು ಹಾಕಿ ತಿಕ್ಕಿ ತೊಳೆದಿದ್ದರು. ಬೂಸು ಮಣ್ಣಿನೊಟ್ಟಿಗೆ ಹೋಗಿತ್ತು.

"ಮಣ್ಣು ಸಮೇತ ತನ್ನಿ ಅಂತ ಹೇಳಿದ್ದೆನಲ್ಲ!"

"ಆಫೀಸಿಗೆ ಮಣ್ಣು ತರುವುದುಂಟಾ ಸ್ವಾಮಿ? ನಾವು ಅಷ್ಟು ಮರ್ಯಾದೆ ಇಲ್ಲದವರಲ್ಲ."

"ಬೆಳುವಾಯಿಗೂ ಹೀಗೆಯೇ ಕೊಂಡುಹೋಗ್ತೀರಾ?"

"ಅಲ್ಲಿಗೆ ಮಣ್ಣು ಸಮೇತ. ಅವರು ನಮ್ಮ ಮನೆಯವರ ಹಾಗೆ ಅಲ್ವಾ ಮಾರಾಯ್ರೆ."

ಜೀವನದಲ್ಲಿ ಮೊದಲ ಸಲ ಮಣ್ಣಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

೩. ಹೆಡ್ಡ ರೈತ

ಮಂಗಳೂರಿನ ಸಾಹೇಬರು ನಮ್ಮಿಬ್ಬರ ಅಲಸಂಡೆಯ ಮಾದರಿ ಚಪ್ಪರಗಳನ್ನೂ ನೋಡಲು ಬರುವವರಿದ್ದರು. ಬೆಳುವಾಯಿಯವರನ್ನು ಮೀರಿಸುವ ಹಟದಿಂದ ನನ್ನ ಹಿತ್ತಿಲಿನ ಅಲಸಂಡೆಗೆ ದಿನಕ್ಕೆ ಮೂರು ಹೊತ್ತು ನೀರು ಹೊಯ್ದೆ. ಸಾಹೇಬರು ಬರುವ ವಾರವೇ ಬಳ್ಳಿಗಳು ಬಾಡತೊಡಗಿದವು. ಭೂತಕನ್ನಡಿಗೆ ಏನೂ ಕಾಣಲಿಲ್ಲ. ರೋಗ ತಿಳಿಯದಿದ್ದರೆ ಉಳಿದ ಬಳ್ಳಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ನಾಲ್ಕು ಗಿಡ ಕಿತ್ತು, "ಬೆಳುವಾಯಿಯವರಿಗೆ ತೋರಿಸಲಿಕ್ಕೆ, ಕಟ್ಟಿ ಕೊಡು" ಎಂದು ಹೆಂಡತಿಯ ಕೈಗೆ ಕೊಟ್ಟು, ಆ ಕಟ್ಟು ಹಿಡಿದು ಬಸ್ಸು ಹತ್ತಿದೆ.

"ನಮ್ಮ ಕಡೆಯ ಒಬ್ಬ ಹೆಡ್ಡ ರೈತನದ್ದು" ಎಂದೆ.

ಬೆಳುವಾಯಿಯವರು ಕಟ್ಟು ಬಿಚ್ಚಿದರು. ಬೇರಿನಲ್ಲಿ ಒಂದು ಚೂರು ಮಣ್ಣಿಲ್ಲ. ಮೂಸಿದರು. ಸೀಗೆಹುಡಿಯ ಪರಿಮಳ! ನನ್ನವಳು ಮನೆಯ ಮರ್ಯಾದೆ ಕಾಪಾಡಿದ್ದಳು.

ಅವರು ಬೇರು ಸೀಳಿ, ಒಳಗಿನ ಚೂರನ್ನು ಗಾಜಿನ ಮೇಲಿಟ್ಟು ನೋಡಿದರು. "ನೀರು ನಿಂತಲ್ಲಿ ಬರುವ ಶಿಲೀಂಧ್ರ. ನೀರು ಬಿಟ್ಟರೆ ಉಳಿದದ್ದು ಬದುಕ್ತದೆ."

ಆಮೇಲೆ ಗಿಡಕ್ಕೆ ಕಟ್ಟಿದ್ದ ಕೆಂಪು ಲಾಡಿಯನ್ನು ನೀಟಾಗಿ ಸುತ್ತಿ ನನ್ನ ಅಂಗೈಯಲ್ಲಿ ಇಟ್ಟರು. ಸರಕಾರಿ ಫೈಲು ಕಟ್ಟುವ ಲಾಡಿ.

"ಆ ಹೆಡ್ಡನಿಗೆ ಇದನ್ನು ವಾಪಸು ಕೊಡಿ" ಎಂದರು. "ಅವನ ಹೆಂಡತಿಗೆ ನಾನು ನಮಸ್ಕಾರ ಹೇಳಿದೆ ಅಂತಲೂ ಹೇಳಿ."