ರಾಜಸುಳಿಯ ರಾಣಿ

ನಮ್ಮ ಮನೆಯವರನ್ನು ಹುಚ್ಚರು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಮನೆಗೊಂದು ನಾಯಿ ಆರಿಸಿ ತನ್ನಿ ಎಂದು ಸಾಗರಕ್ಕೆ ಕಳಿಸಿದರೆ, ಅದರ ಮೈಮೇಲಿನ ಸುಳಿ ನೋಡಿ ಎತ್ತಿಕೊಂಡು ಬಂದ ಮನುಷ್ಯನನ್ನು ನೀವಾದರೂ ಏನೆಂದು ಕರೆಯುತ್ತೀರಿ?

ಸುಳಿ ಎಂದರೆ ರೋಮದ ಸುಳಿ. ದನ ಕೊಳ್ಳುವವರು ಹಣೆ, ಬೆನ್ನು, ಕುತ್ತಿಗೆಯ ಮೇಲೆ ಕೂದಲು ಎಲ್ಲಿ ಸುತ್ತಿಕೊಂಡಿದೆ ಎಂದು ನೋಡಿ, ಇದು ಮನೆಗೆ ಆಗಿಬರುತ್ತದೆ, ಇದು ಆಗಿಬರುವುದಿಲ್ಲ ಎನ್ನುತ್ತಾರಲ್ಲ, ಅದು. ನನ್ನ ಮಾವ ಅದರಲ್ಲಿ ಎತ್ತಿದ ಕೈ. ಹೊಸನಗರದ ಕಡೆಯಿಂದಲೂ ಜನ ಎತ್ತು ನೋಡಲು ಅವರನ್ನು ಕರೆದೊಯ್ಯುತ್ತಿದ್ದರು. ಅವರ ವಿದ್ಯೆ ಮಗನಿಗೆ ಬಂತು, ದನ ಮಾತ್ರ ಬರಲಿಲ್ಲ! ಇವರು ತೀರ್ಥಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅಕ್ಕಿ ಬೀಸಿಸಲು ಬಂದ ಹೆಂಗಸರ ಕಂಕುಳಿನ ಕೂಸನ್ನೂ ಬಿಡದೆ ನೆತ್ತಿ ನೋಡಿ, "ಹುಷಾರು, ಇವನು ಹಟಮಾರಿ ಆಗ್ತಾನೆ" ಎನ್ನುತ್ತಾರೆ. ಹಟ ಮಾಡದ ಕೂಸು ಎಲ್ಲಾದರೂ ಉಂಟೇ ಸ್ವಾಮಿ?

ನನ್ನನ್ನು ನೋಡಲು ಬಂದ ದಿನವೂ ಅಷ್ಟೆ. ಎಲ್ಲರೂ ಕೂತು ಉಪ್ಪಿಟ್ಟು ತಿನ್ನುತ್ತಿದ್ದರೆ ಈ ಮಹಾಶಯರು ಎದ್ದು ಗೋಡೆಯ ಫೋಟೋ ನೋಡುವ ನೆಪದಲ್ಲಿ ನನ್ನ ಬೆನ್ನ ಹಿಂದೆ ಸುಳಿದಾಡುತ್ತಿದ್ದರು. ಹುಡುಗಿಯ ಮುಖ ಬಿಟ್ಟು ಜಡೆ ನೋಡುವ ಗಂಡು! ಆದರೂ ಮದುವೆಯಾಯಿತು. ಸುಳಿಗಳಲ್ಲೆಲ್ಲ ಮನೆಗೆ ಅತಿ ಶುಭವಾದದ್ದು ರಾಜಸುಳಿಯಂತೆ. ಮಾವ ಸಾಯುವ ತನಕ ಬಂದವರಿಗೆಲ್ಲ "ಇವಳು ನಮ್ಮ ರಾಜಸುಳಿ ಸೊಸೆ" ಎಂದು ನನ್ನನ್ನು ತೋರಿಸುತ್ತಿದ್ದರು. ಹೊರಗೆ ನಗುತ್ತಿದ್ದೆನಾದರೂ ಒಳಗೊಳಗೇ ನನಗೆ ಹೆಮ್ಮೆ.

ಇರಲಿ, ನಾಯಿಯ ವಿಷಯಕ್ಕೆ ಬರುತ್ತೇನೆ. ಮಗಳು ಕೇಳಿದ್ದು ಮಡಿಲಲ್ಲಿ ಕೂರುವ ಬಿಳಿಯ ಗುಂಡುನಾಯಿ. ನನ್ನದು ಒಂದೇ ಷರತ್ತು, ಹೇಳಿದಲ್ಲಿ ಬಿದ್ದಿರಬೇಕು. ಸಾಗರದ ಬಸ್ಸಿನಿಂದ ಇವರು ಇಳಿಸಿಕೊಂಡು ಬಂದದ್ದನ್ನು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಾಲ್ಕು ಉದ್ದನೆಯ ಕಾಲು, ಉದ್ದನೆಯ ಮೂತಿ, ನಡುವೆ ಸೊಂಟ ಇದೆಯೋ ಇಲ್ಲವೋ ಅನ್ನುವಷ್ಟು ಸೊಂಟ.

"ಎಂಥ ನಾಯ್ರೀ ಇದು?"

"ತಾಯಿ ಮುಧೋಳದ್ದು. ಅಪ್ಪ ಸಾಗರದ್ದೇ ಯಾವುದೋ."

"ಯಾವುದೋ ಅಂದ್ರೆ?"

"ಅದನ್ನ ಅದರ ತಾಯಿ ಹತ್ರ ಕೇಳ್ಬೇಕು ಮಾರಾಯ್ತಿ! ನೀನು ಕುತ್ತಿಗೆ ನೋಡು. ರಾಜಸುಳಿ! ಅಪ್ಪನ ಕಾಲದಲ್ಲೂ ಇಂಥದ್ದು ಅಪರೂಪ. ಹಾಕಿದಲ್ಲಿ ಬಿದ್ದಿರತ್ತೆ, ಬೇಕಾದ್ರೆ ನೋಡು."

ನಾಯಿಗೆ ಯಾರಾದರೂ ಸುಳಿ ನೋಡುತ್ತಾರೆಯೇ? ಕೇಳಿ ಪ್ರಯೋಜನವಿರಲಿಲ್ಲ. ರಾಜಸುಳಿ ಇದ್ದ ಮೇಲೆ ಹೆಸರು ರಾಣಿ ಎಂದಾಯಿತು. ರಾಣಿ ಬಿದ್ದುಕೊಂಡೇನೋ ಇದ್ದಳು, ನಮ್ಮ ಸೋಫಾದ ಮೇಲೆ, ಸಂಜೆಯ ತನಕ. ಸಂಜೆ ಪಕ್ಕದ ಮನೆಯ ಹುಂಜ ಕಾಂಪೌಂಡ್ ಏರಿ ಕೂಗಿತು. ಆಮೇಲೆ ನನಗೆ ಕಂಡದ್ದು ಒಂದು ಕಂದು ಗೆರೆ ಮಾತ್ರ. ಹುಂಜ ಹೇಗೋ ತೆಂಗಿನ ಮರಕ್ಕೆ ಹಾರಿ ಉಳಿಯಿತು, ಪಕ್ಕದ ಮನೆಯವರ ಜೊತೆಗಿನ ಸ್ನೇಹ ಉಳಿಯಲಿಲ್ಲ.

"ಇದು ಕಣ್ಣಿಗೆ ಕಂಡದ್ದನ್ನ ಅಟ್ಟಿಸ್ಕೊಂಡು ಹೋಗೋ ಜಾತಿ ಮೇಡಂ" ಎಂದರು ಪಶು ವೈದ್ಯರು. "ದಿನಾ ಓಡಿಸ್ಬೇಕು. ಇಲ್ದಿದ್ರೆ ಮನೆ ಕಿತ್ತು ಹಾಕತ್ತೆ."

ಓಡಿಸಿದ್ದು ಯಾರು, ಓಡಿದ್ದು ಯಾರು? ಬೆಳಗಾದರೆ ಸಾಕು, ತುಂಗೆಯ ಸೇತುವೆಯ ಮೇಲೆ ಮುಂದೆ ರಾಣಿ, ಹಿಂದೆ ಹಗ್ಗ, ಹಗ್ಗದ ತುದಿಗೆ ಹೊಟ್ಟೆ ಕುಣಿಸುತ್ತ ನಮ್ಮ ಮನೆಯವರು. ಒಮ್ಮೆ ಅವಳು ಕೊಪ್ಪದ ಬಸ್ಸನ್ನೇ ಬೆನ್ನಟ್ಟಿದಳು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಹತ್ತಿ ಸಾರ್, ಸೀಟಿದೆ!" ಎಂದು ಕೂಗಿದನಂತೆ. ಇವರು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು.

ಅವಳ ಪಕ್ಕೆಲುಬು ನೋಡಿದವರೆಲ್ಲ ನನ್ನನ್ನು ತಡೆದು, "ಪಾಪ, ಅನ್ನ ಹಾಕೋದಿಲ್ವಾ?" ಎಂದು ಕೇಳುತ್ತಾರೆ. ಅನ್ನವೇ! ಚೌತಿಯ ದಿನ ದೇವರ ಮುಂದಿಟ್ಟ ಕಡುಬನ್ನು ಗಣಪತಿಗಿಂತ ಮೊದಲು ತಿಂದವಳು ಅವಳು. ಒಂದು ದಿನ ನಾನು ಶಾಲೆಗೆ ಪಾಠ ಹೇಳಲು ಹೋದವಳು ಸಂಜೆ ಬಂದು ನೋಡಿದರೆ ಸೋಫಾದೊಳಗಿನ ಹತ್ತಿ ಮನೆಯ ತುಂಬಾ ಹರಡಿತ್ತು. ನಡುವೆ ರಾಣಿ ಕಾಲು ಚಾಚಿ ಮಲಗಿದ್ದಳು. ಆ ದಿನ ನಾನು ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ನಗಬೇಡಿ, ನಿಜವಾಗಿಯೂ ಅತ್ತೆ.

"ಈ ಮನೇಲಿ ಅದಿರ್ಬೇಕು, ಇಲ್ಲ ನಾನಿರ್ಬೇಕು" ಎಂದೆ. ಹೊಸನಗರದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಫೋನು ಮಾಡಿದೆ. ಅವನಿಗೆ ಗದ್ದೆ ಬಯಲಿದೆ, ಹಂದಿ ಕಾಟವಿದೆ. ಭಾನುವಾರ ಪಿಕಪ್ ತರುತ್ತೇನೆ ಎಂದ.

ಭಾನುವಾರ ಮಗಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಇವರು ಗಿರಣಿಯನ್ನೂ ತೆರೆಯದೆ ಜಗಲಿಯಲ್ಲಿ ಕೂತಿದ್ದರು. ತಮ್ಮ ಬಂದು ಕಾಫಿ ಕುಡಿದು ಹಗ್ಗಕ್ಕೆ ಕೈ ಹಾಕುವ ಮೊದಲು ಒಂದು ಮಾತು ಕೇಳಿದ.

"ಭಾವ, ಸುಳಿ ಹೆಂಗಿದೆ? ನಿಮ್ಮ ಬಾಯಲ್ಲೇ ಕೇಳ್ಕೊಂಡು ಬಾ ಅಂದಿದಾರೆ ಅಮ್ಮ."

ಇವರು ರಾಣಿಯನ್ನು ನೋಡಿದರು. ನನ್ನನ್ನು ನೋಡಿದರು. "ಚೆನ್ನಾಗಿಲ್ಲ ಕಣೋ. ಕುತ್ತಿಗೇಲಿ ಎಡಕ್ಕಿದೆ ನೋಡು. ಹೋದ ಮನೆಗೆ ಆಗಿಬರಲ್ಲ" ಎಂದರು.

ತಮ್ಮ ಕೈ ಹಿಂದೆಗೆದುಕೊಂಡ. ಸುಳಿಯ ವಿಷಯದಲ್ಲಿ ನಮ್ಮ ಮನೆಯವರ ಮಾತಿಗೆ ಎದುರುಂಟೇ! ಖಾಲಿ ಪಿಕಪ್ ಹೊರಟುಹೋಯಿತು. ನನ್ನ ಸಿಟ್ಟು ನೆತ್ತಿಗೇರಿತು.

"ನನ್ನ ಹತ್ರ ರಾಜಸುಳಿ ಅಂದ್ರಲ್ಲ! ಅದನ್ನ ಉಳಿಸ್ಕೊಳ್ಳೋಕೆ ಅವನ ಹತ್ರ ಸುಳ್ಳು ಹೇಳಿದ್ರಾ?"

"ಅವನಿಗೆ ಹೇಳಿದ್ದು ನಿಜ. ನಿನಗೆ ಹೇಳಿದ್ದು ಸುಳ್ಳು" ಎಂದರು, ರಾಣಿಯ ಕಿವಿ ನೇವರಿಸುತ್ತ. "ಉಳಿದ ಮರಿಗಳನ್ನೆಲ್ಲ ಜನ ಒಯ್ದಿದ್ರು. ಇದೊಂದೇ ಕೂತಿತ್ತು. ನನ್ನ ಮುಖಾನೇ ನೋಡ್ತಿತ್ತು."

"ಹಂಗಾದ್ರೆ ನೀವು ಸುಳಿ ನಂಬಲ್ವಾ?"

"ನಂಬ್ತೀನಿ."

"ಮತ್ತೆ?"

ರಾಣಿಯ ಕುತ್ತಿಗೆಯ ಸುಳಿಯ ಮೇಲೆ ಬೆರಳಾಡಿಸಿದರು. "ನಿನಗೂ ಅಲ್ಲೇ ಇದೆ ಕಣೇ. ಎಡಕ್ಕೆ, ಜಡೆ ಕೆಳಗೆ. ಹೆಣ್ಣಿನ ಹಿಂದೆ ತಾನು ಹೋಗಿ ನೋಡೋದು ಚೆನ್ನಾಗಿರಲ್ಲ ಅಂತ ಅಪ್ಪ ನನ್ನ ಕಳ್ಸಿದ್ರು. ನೋಡ್ದೆ. ರಾಜಸುಳಿ ಅಂತ ಹೇಳ್ದೆ."

ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಇಷ್ಟು ವರ್ಷ ನಾನು ಹೊತ್ತು ಮೆರೆದ ಹೆಮ್ಮೆ ಈ ಮನುಷ್ಯ ತನ್ನ ಅಪ್ಪನಿಗೆ ಹೇಳಿದ ಒಂದು ಸುಳ್ಳು! ಕೆಟ್ಟ ಸುಳಿ ಎಂದು ಮನಸಾರೆ ನಂಬಿಕೊಂಡೇ, ಏನಾದರೂ ಆಗಲಿ ಎಂದು ನನ್ನನ್ನು ಮನೆಗೆ ಕರೆತಂದಿದ್ದರು.

ಅಷ್ಟರಲ್ಲಿ ಒಂದು ಕಂದು ಗೆರೆ ನಮ್ಮಿಬ್ಬರ ನಡುವೆ ಹಾದುಹೋಯಿತು. ತಮ್ಮ ಗೇಟು ಹಾಕದೆ ಹೋಗಿದ್ದ.

ಇವರು ಗಾಬರಿಯಿಂದ ಎದ್ದು ಚಪ್ಪಲಿ ಹುಡುಕತೊಡಗಿದರು. "ನೀವು ಕೂತ್ಕೊಳ್ರೀ, ಏದುಸಿರು ಬರತ್ತೆ" ಎಂದು ನಾನೇ ಸೆರಗು ಸಿಕ್ಕಿಸಿಕೊಂಡು, "ರಾಣೀ, ಮನೆಗೆ ಬಾರೇ!" ಎಂದು ಕೂಗುತ್ತ ಬೀದಿಗೆ ಓಡಿದೆ.