ಐದು ನಿಮಿಷಕ್ಕೆ ಕೊಟ್ಟ ಕಂಬಳಿ

ಗುಂಡುಮಾಲಿನ ಹಿರಿಯರ ಗೌರವ ಸಮಿತಿಯು ಊರಿನ ಹಿರಿಯರನ್ನು ಗೌರವಿಸಲು ತೀರ್ಮಾನಿಸಿದಾಗ, ಹಿರಿಯರು ಸಮಿತಿಗೆ ಯಾವ ಅಪರಾಧವನ್ನೂ ಮಾಡಿರಲಿಲ್ಲ. ಅಕ್ಟೋಬರಿನಲ್ಲಿ ನಡೆಯಬೇಕಿದ್ದ ಸಮಾರಂಭವನ್ನು ಅತಿಥಿಗಳ ಬಿಡುವು ನೋಡಿ ಡಿಸೆಂಬರಿಗೆ ಹಾಕಲಾಯಿತು.

ಆಯ್ಕೆಯಾದವರು ಮಾಳಿಂಗಪ್ಪ. ವಯಸ್ಸು ಎಪ್ಪತ್ತೆಂಟು, ಅರವತ್ತು ವರ್ಷ ಕುರಿ ಕಾದವರು. ಹೆಗಲ ಮೇಲೆ ತಮ್ಮ ಕರಿ ಕಂಬಳಿ ಹಾಕಿಕೊಂಡೇ ವೇದಿಕೆ ಹತ್ತಿದರು. ಅದರ ಉಣ್ಣೆಯನ್ನು ಹೆಂಡತಿ ಪೆಂಟಮ್ಮ ಕೈಯಾರೆ ನೂತಿದ್ದಳು. ಆಕೆ ತೀರಿಕೊಂಡು ನಾಲ್ಕು ವರ್ಷ. ಇನ್ನೊಂದು ಕಂಬಳಿಗೆ ನೂಲುವವರು ಮನೆಯಲ್ಲಿ ಇರಲಿಲ್ಲ.

ನಿಯಮ ಮೂರರ ಪ್ರಕಾರ ಅತಿಥಿಗಳಿಗೆ ಗೌರವ ಸಲ್ಲುವ ಮೊದಲು ಹಿರಿಯರಿಗೆ ಗೌರವ ಸಲ್ಲುವಂತಿಲ್ಲ. ಗದ್ವಾಲಿನಿಂದ ಮುಖ್ಯ ಅತಿಥಿಗಳು ಬಂದರು, ಅವರಿಗೆ ಹೊದಿಸುವ ಶಾಲು ಬರಲಿಲ್ಲ. ಕಾರ್ಯದರ್ಶಿ ನರೇಂದ್ರ ಮಾಳಿಂಗಪ್ಪನವರ ಕಿವಿಯ ಹತ್ತಿರ ಬಾಗಿದ.

"ತಾತ, ಕಂಬಳಿ ಐದು ನಿಮಿಷ ಕೊಡ್ರಿ. ಸಾಹೇಬ್ರಿಗೆ ಹೊಚ್ಚೂಣು. ಫೋಟೋ ಆದಮ್ಯಾಲ ನಿಮ್ದು ನಿಮಗ."

ಮಾಳಿಂಗಪ್ಪ ಕೊಟ್ಟರು. ಅತಿಥಿಗಳು ಅದನ್ನು ಹೊದ್ದು, ಹಿರಿಯರ ಆರೈಕೆಯ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿ, ಹೊದ್ದಂತೆಯೇ ಕಾರು ಹತ್ತಿ ಹೋದರು. ಸಮಯ ಸಾಲದ್ದರಿಂದ, ಮಾಳಿಂಗಪ್ಪನವರನ್ನು ಗೌರವಿಸಲಾಗಿದೆ ಎಂದು ಮೈಕಿನಲ್ಲಿ ಹೇಳಿ ಮುಗಿಸಲಾಯಿತು.

ಮರುದಿನ ಮಾಳಿಂಗಪ್ಪ ಸಮಿತಿಯ ದಫ್ತರಕ್ಕೆ ಹೋಗಿ ನರೇಂದ್ರನನ್ನು ಕಂಡರು.

"ಐದು ನಿಮಿಷ ಆಗಿ ಹೋತಲ್ಲಪ್ಪ."

"ತಾತ, ನಿಮ್ಮ ಮಂದ್ಯಾಗ ಏನ್ ಪದ್ಧತಿ ಐತಿ? ಬೀರಪ್ಪ ದೇವರ ಹೆಸರ್ಲೆ ಒಬ್ಬರಿಗೆ ಹೊಚ್ಚಿದ ಕಂಬಳಿ ವಾಪಸ್ ಕೇಳ್ತಾರೇನ್ರಿ?"

"ಕೇಳಂಗಿಲ್ಲ," ಎಂದು ಮಾಳಿಂಗಪ್ಪ ಒಪ್ಪಿದರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಅದಕ್ಕ ನೋಡ್ರಿ. ನಿಮ್ಮ ಪದ್ಧತಿ ಮುರಿಯಾಕ ಸಮಿತಿಗೆ ಅಧಿಕಾರ ಇಲ್ಲ."

ಆದರೂ ದಯೆಯಿಂದ ಅರ್ಜಿ ತೆಗೆದುಕೊಳ್ಳಲಾಯಿತು. ಮೂರು ವಾರಕ್ಕೆ ಉತ್ತರ ಬಂತು: ಕಂಬಳಿಯನ್ನು ಸನ್ಮಾನದ ರೂಪದಲ್ಲಿ ಮಾತ್ರ ಪಡೆಯಬಹುದು. ಸನ್ಮಾನ ಅತಿಥಿಗಳಿಗೆ ಮಾತ್ರ. ಅರ್ಜಿದಾರರು ಈಗಾಗಲೇ ಹಿರಿಯರಾಗಿರುವುದರಿಂದ ಅತಿಥಿಯಾಗಲು ಅರ್ಹರಲ್ಲ. ಅಷ್ಟರಲ್ಲಿ ಗದ್ವಾಲಿನ ಅತಿಥಿಗಳು ಕಂಬಳಿಯನ್ನು ಮಕ್ತಲ್‌ನಲ್ಲಿ ತಮ್ಮ ಮೇಲಿನವರಿಗೆ ಹೊದಿಸಿದ್ದರು, ಅವರು ನಾರಾಯಣಪೇಟೆಯಲ್ಲಿ ತಮ್ಮ ಮೇಲಿನವರಿಗೆ. ಬಹಳ ಬೆಚ್ಚಗಿದೆ ಎಂದು ಎಲ್ಲರೂ ಅಭಿಪ್ರಾಯಪಟ್ಟರು.

ಚಳಿ ಬಲಿಯಿತು. ಸೊಸೆ ರಜಿತಾ ಸಮಾರಂಭದ ಫ್ಲೆಕ್ಸ್ ಬಿಚ್ಚಿ ತಂದು, ಮಾವನ ತೆಳ್ಳನೆ ದುಪ್ಪಟಿಯ ಮೇಲೆ ಹೊದಿಸಿದಳು. ಅದರಲ್ಲಿ ಮಾಳಿಂಗಪ್ಪನವರ ಮುಖವೂ 'ಹಿರಿಯರೇ ನಮಗೆ ಆಸರೆ' ಎಂಬ ಮಾತೂ ಇತ್ತು. ಗಾಳಿ ನಿಂತಿತು. ಹೊರಳಿದರೆ ಮಾತ್ರ ಪರಪರ ಸದ್ದಾಗುತ್ತಿತ್ತು. ಪೆಂಟಮ್ಮನ ನೆನಪಿಗೆ ನಿದ್ದೆ ಬಾರದೆ ಅವರು ಹೊರಳುತ್ತಲೇ ಇರುತ್ತಿದ್ದರು.

ಮುಂದಿನ ಡಿಸೆಂಬರಿನಲ್ಲಿ, ಹನ್ನೊಂದು ಸನ್ಮಾನ ಮುಗಿಸಿದ ಕಂಬಳಿಯನ್ನು ಹೊಸ ಅತಿಥಿಗಳಿಗಾಗಿ ನರೇಂದ್ರ ಗುಂಡುಮಾಲಿಗೆ ತರಿಸಿದ. ಕಂಬಳಿಯ ದಾನಿಗಳೆಂಬ ನೆಲೆಯಲ್ಲಿ ಮಾಳಿಂಗಪ್ಪನವರೇ ಹೊದಿಸಬೇಕೆಂದು ನಿರ್ಣಯವಾಗಿತ್ತು. ಅಂಚಿನಲ್ಲಿ ಪೆಂಟಮ್ಮ ಹಾಕಿದ ಕೆಂಪು ದಾರದ ಗಂಟು ಹಾಗೇ ಇತ್ತು. ಮಾಳಿಂಗಪ್ಪ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅತಿಥಿಗಳ ಕುರ್ಚಿ ಖಾಲಿ ಇತ್ತು.

"ಅವ್ರು ಬಂದಿಲ್ಲಲ್ಲಪ್ಪ. ನಾನ ಹೊಚ್ಕೊಳ್ಲೇನು?"

"ಕುರ್ಚಿಗೆ ಹೊಚ್ಚರಿ ತಾತ. ಕುರ್ಚಿ ಅವರ ಹೆಸರಿಂದೇ ಐತಿ."

ಹೊದಿಸಿದರು. ಕುರ್ಚಿಗೆ ಜೋರು ಚಪ್ಪಾಳೆ ಬಿತ್ತು. ಕುರ್ಚಿಯ ಪರವಾಗಿ ಕಂಬಳಿಯನ್ನು ಜೀಪಿನಲ್ಲಿ ಅತಿಥಿಗಳ ಮನೆಗೆ ಕಳಿಸಲಾಯಿತು.

ಕೊನೆಗೆ ಹಿರಿಯರ ಸಲಹೆ ಕೇಳಬೇಕೆಂಬುದು ನಿಯಮ ಒಂಬತ್ತು. ಮೈಕು ಮಾಳಿಂಗಪ್ಪನವರ ಕೈಗೆ ಬಂತು.

"ಕಂಬಳಿ ಇರ್ಲಿ ಬಿಡ್ರಿ," ಎಂದರು. "ಫ್ಲೆಕ್ಸ್ ಒಂದೀಟು ಉದ್ದ ಮಾಡಿಸ್ರಿ. ಕಾಲು ಹೊರಗ ಉಳೀತಾವ."

ಸಲಹೆ ಸರ್ವಾನುಮತದಿಂದ ಅಂಗೀಕಾರವಾಯಿತು. ಆ ಬಳಿಕದ ಫ್ಲೆಕ್ಸ್ ಮೊದಲಿನದಕ್ಕಿಂತ ನಾಲ್ಕು ಅಡಿ ಹೆಚ್ಚು ಉದ್ದ ಬಂದಿದೆ. ಹೆಚ್ಚಿನ ಜಾಗದಲ್ಲಿ ಅತಿಥಿಗಳ ಭಾವಚಿತ್ರ ಹಾಕಲಾಗಿದೆ. ಮಾಳಿಂಗಪ್ಪನವರ ಪಾದಗಳು ಈಗ ಅತಿಥಿಗಳ ಮುಖದ ಕೆಳಗೆ ಬೆಚ್ಚಗಿವೆ. ಈವರೆಗೆ ಯಾವ ಕಡೆಯಿಂದಲೂ ತಕರಾರು ಬಂದಿಲ್ಲ.