ಗೇರ್‌ಬಾಕ್ಸಿನ ಎಣ್ಣೆ ತಿಳಿಯಾಗಿತ್ತು

ಕೆಲಸ ಬೇಡವೆನ್ನುವ ಮೆಕ್ಯಾನಿಕ್‌ನನ್ನು ಹೇಗೆ ನಂಬಬೇಕೆಂದು ನನಗೆ ಯಾರೂ ಕಲಿಸಿಲ್ಲ. ಬೇಕು ಎನ್ನುವವರನ್ನು ಅನುಮಾನಿಸುವುದರಲ್ಲಿ ಮಾತ್ರ ನನಗೆ ದೆಹಲಿಯ ಇಪ್ಪತ್ತು ವರ್ಷಗಳ ಅಭ್ಯಾಸವಿದೆ. ತರಕಾರಿ ಭಯ್ಯಾ ತಕ್ಕಡಿ ಎತ್ತಿದರೆ ನಾನು ಮುಳ್ಳು ನೋಡುವುದಿಲ್ಲ, ಅವನ ಕಿರುಬೆರಳು ನೋಡುತ್ತೇನೆ.

ನಮ್ಮದು ಸಿವಿಟಿ ಕಾರು. ಗೇರು ಬದಲಿಸುವ ಕೆಲಸ ನಮಗಿಲ್ಲ. ಒಳಗೆ ಎರಡು ರಾಟೆಗಳ ನಡುವೆ ಓಡುವ ಲೋಹದ ಪಟ್ಟಿಯೊಂದು ಅದನ್ನೆಲ್ಲ ನೋಡಿಕೊಳ್ಳುತ್ತದೆ. ಅದರ ಎಣ್ಣೆ ಹಳತಾದರೆ ಪಟ್ಟಿ ಸವೆಯುತ್ತದೆ, ಪಟ್ಟಿ ಹೋದರೆ ಗೇರ್‌ಬಾಕ್ಸೇ ಹೋದಂತೆ. ನನ್ನ ಹೆಂಡತಿ ವಸುಧಾ ದಿನವೂ ಅದೇ ಕಾರಿನಲ್ಲಿ ಘಾಜಿಯಾಬಾದಿನಿಂದ ನೋಯ್ಡಾದ ಶಾಲೆಗೆ ಪಾಠ ಮಾಡಲು ಹೋಗುತ್ತಾಳೆ. ಲಾರಿಗಳ ನಡುವೆ ಅದು ನಿಂತುಬಿಟ್ಟರೆ? ಎಣ್ಣೆ ಬದಲಾಯಿಸಲು ಹೊರಟಾಗ ಅವಳಿಗೆ ಹೇಳಲಿಲ್ಲ. ಹೆದರಿಸಬಾರದೆಂದೋ, ಮುಗಿಸಿ ಬಂದು ಹೊಗಳಿಸಿಕೊಳ್ಳೋಣವೆಂದೋ? ಮೊದಲನೆಯದು ಬರೆಯಲು ಚೆನ್ನಾಗಿದೆ. ಆದ್ದರಿಂದ ಎರಡನೆಯದೇ ನಿಜವಿರಬೇಕು.

ಗ್ಯಾರೇಜಿನ ರಾಜ್‌ಪಾಲ್ ಕಾರನ್ನು ಮೇಲೆತ್ತಿ, ಬೋಲ್ಟ್ ಸಡಿಲಿಸಿ, ನಾಲ್ಕು ಹನಿ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಮತ್ತೆ ಬಿಗಿ ಮಾಡಿದ.

"ಸರ್‌ಜೀ, ಏಕ್‌ದಮ್ ಸಾಫ್ ಇದೆ. ಬದಲಾಯಿಸಿ ಹೆಚ್ಚು ದಿನ ಆಗಿಲ್ಲ. ಹಾಗೇ ಬಿಡಿ."

ನನ್ನ ಕಿವಿ ನೆಟ್ಟಗಾಯಿತು. ಬಂದ ಕೆಲಸವನ್ನು ಬಿಡುವವನು ಇನ್ನೇನೋ ದೊಡ್ಡದಕ್ಕೆ ಗಾಳ ಹಾಕಿರುತ್ತಾನೆ.

"ಕೊಂಡಾಗಿನಿಂದ ಬದಲಾಯಿಸಿಯೇ ಇಲ್ಲ ಭಯ್ಯಾ."

"ಹಾಗಾದರೆ ಈ ಎಣ್ಣೆಗೆ ವಯಸ್ಸೇ ಆಗೋದಿಲ್ಲ. ನನಗೂ ಸ್ವಲ್ಪ ಕೊಡಿ, ತಲೆಗೆ ಹಚ್ಚಿಕೊಳ್ತೀನಿ."

"ತಮಾಷೆ ಬೇಡ. ಬದಲಾಯಿಸಿ."

"ಅಚ್ಛಾ. ಎಣ್ಣೆ ಚೆನ್ನಾಗಿತ್ತು, ನಿಮ್ಮ ಹಟಕ್ಕೆ ಬದಲಾಯಿಸಿದ್ದು ಅಂತ ಬರೆದುಕೊಡಿ. ಸರ್ಕಾರಿ ಸಾಹೇಬರ ಕೆಲಸ ಕಾಗದವಿಲ್ಲದೆ ನಾನು ಮಾಡೋದಿಲ್ಲ."

ಸಚಿವಾಲಯದಲ್ಲಿ ಟಿಪ್ಪಣಿ ಬರೆದು ಪಳಗಿದ ಕೈ ನನ್ನದು. ಅವನು ಕೇಳಿದ್ದು ಒಂದು ಸಾಲು. ನಾನು ಬರೆದದ್ದು ಅರ್ಧ ಪುಟ. 'ಈ ವಾಹನದ ಎಣ್ಣೆಯನ್ನು ಈವರೆಗೆ ಬದಲಾಯಿಸಿಲ್ಲವೆಂದು ಖುದ್ದಾಗಿ ಪರಿಶೀಲಿಸಿ ದೃಢೀಕರಿಸಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ, ಹುದ್ದೆ, ದಿನಾಂಕ. ಬರೆದ ಖುಷಿಗೆ ವಸುಧಾಗೆ ಫೋನ್ ಮಾಡಿ, ಎಣ್ಣೆ ಬದಲಾಯಿಸುತ್ತಿರುವುದನ್ನು ಹೇಳಿಯೇಬಿಟ್ಟೆ.

"ರೀ, ದೀಪಾವಳಿಗೆ ಮುಂಚೆ ನಾನೇ ಶಾಲೆ ಹತ್ತಿರ ಮಾಡಿಸಿದ್ದೆನಲ್ಲ. ಹೇಳಿದಾಗ 'ಒಳ್ಳೇದಾಯ್ತು' ಅಂದ್ರಿ."

ಅವಳು ಹೇಳಿಯೇ ಇಲ್ಲವೆಂದು ನನಗೆ ಸ್ಪಷ್ಟ ನೆನಪಿದೆ. ಅಷ್ಟು ಸ್ಪಷ್ಟವಾಗಿರುವುದೇ ಅನುಮಾನಕ್ಕೆ ಕಾರಣ.

"ಇನ್ನೂ ತೆಗೆಸಿಲ್ಲ ತಾನೇ?" ಎಂದಳು.

ರಾಜ್‌ಪಾಲ್ ಬೋಲ್ಟಿನ ಮೇಲೆ ಪಾನಾ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನನ್ನ ಅರ್ಧ ಪುಟ ಅವನ ಜೇಬಿನಲ್ಲಿತ್ತು. ಬೇಡವೆಂದರೆ ಒಳ್ಳೆಯ ಎಣ್ಣೆ ಉಳಿಯುತ್ತಿತ್ತು. ದೃಢೀಕರಿಸಿದ್ದನ್ನು ಮಾತ್ರ ನಾನೇ ಹೊಡೆದುಹಾಕಬೇಕಿತ್ತು.

"ಇಲ್ಲ, ಇನ್ನೂ ಇಲ್ಲ," ಎಂದೆ ಹೆಂಡತಿಗೆ. ಆ ಕ್ಷಣಕ್ಕೆ ಅದು ನಿಜವಾಗಿತ್ತು. ಫೋನ್ ಜೇಬಿಗಿಳಿಸಿ, "ಚಲೋ, ತೆಗೆಯಿರಿ," ಎಂದೆ.